ಬ್ರಾಮ್ಸ್ ಹಿಡಿಸದ ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ ಕಣೋ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚಿಸಿದೋರಲ್ಲಿ ಮೊಜಾರ್ಟ್ ಪರವಾಗಿಲ್ಲ, ವಿವಾಲ್ಡಿ ಚೆನ್ನಾಗಿದೆ, ಆದ್ರೆ ಬ್ರಾಮ್ಸ್ ಬೋರು, ವಾಗ್ನರ್ ಕೇಳಿದ್ರೆ ತಲೆನೋವು, ಷೋನ್‌ಬರ್ಗ್ ಅಂತೂ ಅಡುಗೆಮನೇಲಿ ಪಾತ್ರೆ ಬಿದ್ದಂಗೆ ಕೇಳತ್ತೆ ಅಂದಿದೀಯ. ಅಷ್ಟಕ್ಕೇ ನಿಲ್ಲಿಸಿದ್ರೆ ನಾನೂ ಸರಿ ಬಿಡು ಅಂತ ಸುಮ್ನಾಗ್ತಿದ್ದೆ. ಕೊನೇಲಿ 'ನಾವೆಲ್ಲ ತಂಬೂರಿ ಕೇಳ್ಕೊಂಡು ಬೆಳೆದೋರು, ಇದಕ್ಕೆಲ್ಲ ಬೇರೆ ಕಿವಿನೇ ಬೇಕು, ನಮಗೆ ಆ ಯೋಗ್ಯತೆ ಇಲ್ಲ' ಅಂದ್ಯಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಗಾಯನ ಸಮಾಜದಲ್ಲಿ ಕಛೇರಿ ಮುಗಿದ ಮೇಲೆ ಬಾಗಿಲ ಹತ್ರ ನಿಂತು ಮಾತಾಡೋರಲ್ಲಿ ಎಷ್ಟೋ ಜನ ಇದೇ ಮಾತು ಹೇಳೋದು ಕೇಳಿದೀನಿ, ಅದಕ್ಕೇ ಎಲ್ಲರೂ ಓದೋ ಹಾಗೆ ಬರೀತಿದೀನಿ, ಬೇಜಾರು ಮಾಡ್ಕೋಬೇಡ.

ಮೊದಲು ಒಂದು ವಿಷಯ. ಬ್ರಾಮ್ಸ್ ಹಿಡಿಸ್ಲಿಲ್ಲ ಅನ್ನೋದ್ರಲ್ಲಿ ನಿನ್ ಜೊತೆ ದೊಡ್ಡ ದೊಡ್ಡೋರೇ ಇದಾರೆ. ರಷ್ಯಾದ ಸಂಗೀತಗಾರ ಚೈಕೋವ್‌ಸ್ಕಿ ಮತ್ತೆ ಜರ್ಮನಿಯ ಬ್ರಾಮ್ಸ್ ಇಬ್ರೂ ಹುಟ್ಟಿದ್ದು ಮೇ 7ನೇ ತಾರೀಖು, ಬ್ರಾಮ್ಸ್ 1833, ಚೈಕೋವ್‌ಸ್ಕಿ 1840. ಆದ್ರೆ 1886ರಲ್ಲಿ ಚೈಕೋವ್‌ಸ್ಕಿ ತನ್ನ ಡೈರಿಲಿ ಬ್ರಾಮ್ಸ್‌ಗೆ ಪ್ರತಿಭೆನೇ ಇಲ್ಲ ಅಂತ, ಇಲ್ಲಿ ಬರೆಯಕ್ಕಾಗದ ಪದ ಹಾಕಿ ಬೈದಿದಾನೆ. ಆಮೇಲೆ 1888ರ ಹೊಸ ವರ್ಷದ ದಿನ ಲೈಪ್‌ಜಿಗ್‌ನಲ್ಲಿ ಇಬ್ರೂ ಭೇಟಿಯಾದ್ರು, ಮನುಷ್ಯ ಇಷ್ಟ ಆದ, ಸಂಗೀತ ಮಾತ್ರ ಆಗ್ಲಿಲ್ಲ. ಮಾರನೇ ವರ್ಷ ಹ್ಯಾಂಬರ್ಗ್‌ನಲ್ಲಿ ಚೈಕೋವ್‌ಸ್ಕಿಯ ಐದನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ, ಹಲವು ಭಾಗದ ಕೃತಿ) ರಿಹರ್ಸಲ್ ಕೇಳಕ್ಕೆ ಅಂತಾನೇ ಬ್ರಾಮ್ಸ್ ಒಂದು ದಿನ ಜಾಸ್ತಿ ಉಳ್ಕೊಂಡ, ಕೇಳಿ, ಎಲ್ಲ ಸರಿ ಕೊನೇ ಭಾಗ ಹಿಡಿಸ್ಲಿಲ್ಲ ಅಂತ ಎದುರಿಗೇ ಹೇಳ್ದ. ಇಷ್ಟ ಇಲ್ದೇ ಇದ್ರೂ ಕೂತು ಕೇಳಿ ಎಲ್ಲಿ ಹಿಡಿಸ್ಲಿಲ್ಲ ಅಂತ ಹೇಳೋದು ನನಗೆ ತುಂಬಾ ದೊಡ್ಡ ಗುಣ ಅನ್ಸುತ್ತೆ.

ಅಷ್ಟೇ ಅಲ್ಲ, ಬ್ರಾಮ್ಸ್‌ನ ಸ್ವಂತ ಗೆಳೆಯರೇ ತಬ್ಬಿಬ್ಬಾಗಿದ್ರು. 1885ರಲ್ಲಿ ನಾಲ್ಕನೇ ಸಿಂಫನಿನ ಮೊದಲು ಎರಡು ಪಿಯಾನೊ ಮೇಲೆ ಆಪ್ತರ ಮುಂದೆ ನುಡಿಸಿದಾಗ, ಮೊದಲ ಭಾಗ ಮುಗಿದ್ರೂ ಯಾರೂ ಬಾಯಿ ಬಿಡ್ಲಿಲ್ಲವಂತೆ. ಕೊನೆಗೆ ಹ್ಯಾನ್ಸ್‌ಲಿಕ್ ಅಂತ ವಿಯೆನ್ನಾದ ದೊಡ್ಡ ವಿಮರ್ಶಕ, ಬ್ರಾಮ್ಸ್ ಪಕ್ಷದೋನೇ, ಇಬ್ಬರು ಮಹಾ ಬುದ್ಧಿವಂತರು ಸೇರಿ ನನ್ನ ಹೊಡೀತಾ ಇದ್ದಂಗಿತ್ತು ಅಂದ. ಇದೇ ಹ್ಯಾನ್ಸ್‌ಲಿಕ್ 1881ರಲ್ಲಿ ಚೈಕೋವ್‌ಸ್ಕಿಯ ವಯಲಿನ್ ಕನ್ಸರ್ಟೋ (ವಾದ್ಯವೃಂದದ ಜೊತೆ ಒಂಟಿ ವಯಲಿನ್ ನುಡಿಸೋ ಕೃತಿ) ಕೇಳಿ, ಸಂಗೀತಕ್ಕೂ ದುರ್ವಾಸನೆ ಇರಬಹುದು ಅನ್ನೋ ಅರ್ಥದಲ್ಲಿ ಬರೆದಿದ್ದ, ಇವತ್ತು ಆ ಕನ್ಸರ್ಟೋ ನುಡಿಸದ ವಯಲಿನ್ ವಿದ್ವಾಂಸರು ಅಲ್ಲಿ ಸಿಗೋದೇ ಕಷ್ಟ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಚೈಕೋವ್‌ಸ್ಕಿಯ ದೂರು ಏನಿತ್ತು ಗೊತ್ತಾ, ಬ್ರಾಮ್ಸ್‌ನಲ್ಲಿ ಒಂದು ಮೆಲಡಿ ಕಿವಿಗೆ ಸಿಕ್ತು ಅನ್ನೋಷ್ಟರಲ್ಲಿ ಅದು ಹಾರ್ಮನಿ, ಅಂದ್ರೆ ಒಟ್ಟಿಗೆ ಕೇಳೋ ಹಲವು ಸ್ವರಗಳ, ಸುಳಿಯೊಳಗೆ ಮುಳುಗಿ ಹೋಗತ್ತೆ, ಪೂರ್ತಿ ಆಗೋದೇ ಇಲ್ಲ ಅಂತ. ನೀನು 'ಎಲ್ಲಿ ಹಿಡ್ಕೋಬೇಕೋ ಗೊತ್ತಾಗಲ್ಲ' ಅಂದಿದ್ದೂ ಅದೇ ಅಲ್ವಾ. ನೀನು ಏಳು ವರ್ಷದ ಹುಡುಗ ಆಗಿದ್ದಾಗಿಂದ ನಿಮ್ಮಮ್ಮನ ಪಕ್ಕ ಕೂತು ಸರಳೆ ಜಂಟಿ ಹೇಳಿದೋನು, ಶ್ರುತಿಪೆಟ್ಟಿಗೆ ಆನ್ ಆಗ್ದೇ ನಿಮ್ಮನೇಲಿ ಬೆಳಗೇ ಆಗ್ತಿರ್ಲಿಲ್ಲ. ನಿನ್ನ ಕಿವಿ ಯಾವ ಸಂಗೀತ ಕೇಳಿದ್ರೂ ಎರಡು ಕೆಲಸ ತಾನಾಗೇ ಮಾಡತ್ತೆ, ಮೇಲೆ ಹಾಡ್ತಿರೋ ಒಂದು ಎಳೆ ಹಿಡ್ಕೊಳ್ಳತ್ತೆ, ಕೆಳಗೆ ಆಧಾರ ಷಡ್ಜ, ಅಂದ್ರೆ ಎಲ್ಲದಕ್ಕೂ ನೆಲೆಯಾದ 'ಸ', ಹುಡುಕತ್ತೆ. ವಿವಾಲ್ಡಿಲಿ ಎರಡೂ ಬೇಗ ಸಿಗತ್ತೆ, ಮೊಜಾರ್ಟ್‌ನಲ್ಲೂ ಬಹಳ ಸಲ ಸಿಗತ್ತೆ. ಬ್ರಾಮ್ಸ್‌ನಲ್ಲಿ ಒಳ್ಳೊಳ್ಳೆ ಮಾತೆಲ್ಲ ನಡುವಿನ ದನಿಗಳಲ್ಲಿ, ವಯೋಲಾದಲ್ಲೋ ಹಾರ್ನ್‌ನಲ್ಲೋ ನಡೀತಿರತ್ತೆ, ನೀನು ಮೇಲಿನ ವಯಲಿನ್ ಕೇಳ್ತಾ ಇನ್ನೇನೂ ಆಗ್ತಿಲ್ವಲ್ಲ ಅಂತ ಕಾಯ್ತಿರ್ತೀಯ. ಬೋರ್ ಹೊಡೆಯೋದು ಅಲ್ಲಿಂದ ಶುರು.

ವಾಗ್ನರ್ ತಲೆನೋವು ಇನ್ನೊಂದು ಥರದ್ದು. ಗ್ರಹಭೇದ, ಅಂದ್ರೆ ರಾಗದ ಬೇರೆ ಸ್ವರನೇ ಷಡ್ಜ ಮಾಡಿ ಇನ್ನೊಂದು ರಾಗ ತೋರ್ಸೋದು, ನಿನಗೆ ಎಷ್ಟಿಷ್ಟ, ಮೋಹನದ ಗಾಂಧಾರನೇ ಷಡ್ಜ ಮಾಡ್ಕೊಂಡು ಕ್ಷಣ ಹಿಂದೋಳ ತೋರಿಸಿ ವಾಪಸ್ ಮೋಹನಕ್ಕೆ ಬಂದ್ರೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲೆಲ್ಲ ಚಪ್ಪಾಳೆ. ಆ ಚಪ್ಪಾಳೆ ವಾಪಸ್ ಬಂದಿದ್ದಕ್ಕೇ ಅಲ್ವೇನೋ? ವಾಗ್ನರ್ 'ಟ್ರಿಸ್ಟಾನ್ ಮತ್ತು ಇಸೋಲ್ಡೆ'ಲಿ ವಾಪಸ್ ಬರೋದೇ ಇಲ್ಲ. ಶುರುವಲ್ಲೇ ಒಂದು ಸ್ವರಗುಚ್ಛ ಬರತ್ತೆ, ಕಿವಿ ಇನ್ನೇನು ಇಳಿಯತ್ತೆ ಅಂತ ಕಾಯತ್ತೆ, ಇಳಿಯಲ್ಲ, ಇನ್ನೊಂದು ಕಡೆ ಜಾರತ್ತೆ, ಅಲ್ಲಿಂದ ಮತ್ತೊಂದು ಕಡೆ, ಹೀಗೇ ಸುಮಾರು ನಾಲ್ಕು ಗಂಟೆ ಎಳೆದು ಮೂರನೇ ಅಂಕದ ಕಟ್ಟಕಡೇಲಿ ಇಸೋಲ್ಡೆ ಸಾಯುವಾಗ ಮಾತ್ರ ಆ ಕಾತರ ಇಳಿಯೋದು. 1865ರಲ್ಲಿ ಮ್ಯೂನಿಕ್‌ನಲ್ಲಿ ಇದು ಮೊದಲು ರಂಗಕ್ಕೆ ಬಂದಿದ್ದು. ಪಿಯಾನೊ ವಿದುಷಿ ಕ್ಲಾರಾ ಶೂಮನ್, ಅವಳಿಗಿಂತ ಹಾರ್ಮನಿ ಗೊತ್ತಿದ್ದೋರು ಯಾರಿದ್ರು ಹೇಳು, ಅವಳೇ ತಾನು ಜೀವಮಾನದಲ್ಲಿ ಕಂಡು ಕೇಳಿದ್ರಲ್ಲಿ ಇದರಷ್ಟು ಅಸಹ್ಯವಾದ್ದು ಯಾವುದೂ ಇಲ್ಲ ಅಂತ ಬರೆದಿದಾಳೆ. ನನಗೂ ವಾಗ್ನರ್‌ನ ಒಂದು ಇಡೀ ಆಪೆರಾ ಕೂತು ಕೇಳಕ್ಕಾಗಲ್ಲ. ಟ್ರಿಸ್ಟಾನ್‌ನ ಮುನ್ನುಡಿ ಬೇಕು, ಕೊನೇ ಹಾಡು ಬೇಕು, ನಡುವಿಂದು ಬೇಡ. ಹಾಗಂತ ಅವನಿಗೆ ಏನೂ ಬರ್ತಿರ್ಲಿಲ್ಲ ಅಂತ ಹೇಳಕ್ಕೆ ನನ್ನ ಬಾಯಿ ಬರಲ್ಲ, ನನ್ನ ತಲೆ ನೋಯ್ಸೋದೇ ಅವನ ಕಸುಬುಗಾರಿಕೆ, ಬೇಕು ಅಂತಾನೇ ಮಾಡಿದಾನೆ.

ವಾಗ್ನರ್ ವಿಷಯದಲ್ಲಿ ಕಿವಿಗೆ ಸಂಬಂಧ ಇಲ್ದಿರೋ ಇನ್ನೊಂದು 'ಬೇಡ' ಇದೆ, ಅದನ್ನ ಹೇಳ್ದೇ ಇರಕ್ಕಾಗಲ್ಲ. 1850ರಲ್ಲಿ ಯಹೂದಿ ಸಂಗೀತಗಾರರ ವಿರುದ್ಧ ಕೆಟ್ಟದಾಗಿ ಒಂದು ಲೇಖನ ಬರೆದ, ಆಗ ಸುಳ್ಳು ಹೆಸರಲ್ಲಿ, 1869ರಲ್ಲಿ ಸ್ವಂತ ಹೆಸರಲ್ಲೇ ಮತ್ತೆ ಅಚ್ಚು ಹಾಕ್ಸಿದ. ಹಿಟ್ಲರ್ ಅವನನ್ನ ತಲೆ ಮೇಲೆ ಹೊತ್ಕೊಂಡ. ಇಸ್ರೇಲ್‌ನಲ್ಲಿ ಇವತ್ತಿಗೂ ವಾಗ್ನರ್ ನುಡಿಸೋದು ಅಪರೂಪ, ಕಾನೂನು ಅಂತೇನೂ ಇಲ್ಲ, ಜನ ಒಪ್ಪಲ್ಲ. 2001ರಲ್ಲಿ ಜೆರುಸಲೇಮ್‌ನಲ್ಲಿ ವಾದ್ಯವೃಂದ ನಿರ್ದೇಶಕ ಬ್ಯಾರೆನ್‌ಬಾಯ್ಮ್ ಕಾರ್ಯಕ್ರಮ ಮುಗಿದ ಮೇಲೆ ಸಭಿಕರನ್ನೇ ಕೇಳಿ, ಅರ್ಧ ಗಂಟೆ ವಾದ ನಡೆದು, ಬೇಡ ಅನ್ನೋರು ಬಾಗಿಲು ದಡಾರನೆ ಬಡಿದು ಎದ್ದು ಹೋದ ಮೇಲೆ ಟ್ರಿಸ್ಟಾನ್ ಮುನ್ನುಡಿ ನುಡಿಸ್ದ. ಅತ್ಲಾಗೆ ನೋಡಿದ್ರೆ ವಾಗ್ನರ್‌ನ 'ಪಾರ್ಸಿಫಾಲ್'ನ 1882ರಲ್ಲಿ ಮೊದಲು ನಡೆಸಿಕೊಟ್ಟ ಹರ್ಮನ್ ಲೆವಿ ಒಬ್ಬ ಯಹೂದಿ ಧರ್ಮಗುರುವಿನ ಮಗ. ನಾಜಿ ಕ್ಯಾಂಪುಗಳಲ್ಲಿ ಮನೆಯೋರನ್ನ ಕಳ್ಕೊಂಡವರು ಈ ಸಂಗೀತ ಬೇಡ ಅಂದ್ರೆ ಅವರ ಮುಂದೆ ನಿಂತು ಹಾರ್ಮನಿ ಪಾಠ ಹೇಳೋ ಹಕ್ಕು ಯಾರಿಗೂ ಇಲ್ಲ ಅಂತ ನಾನು ನಂಬಿದೀನಿ.

ಷೋನ್‌ಬರ್ಗ್‌ಗೆ ಬಾ. ಅವನು 1920ರ ದಶಕದಲ್ಲಿ ತಂದ ಹನ್ನೆರಡು ಸ್ವರದ ಪದ್ಧತಿಲಿ ಹನ್ನೆರಡೂ ಸ್ವರಸ್ಥಾನಕ್ಕೆ ಒಂದೇ ಮರ್ಯಾದೆ, ಯಾವುದೂ ಯಜಮಾನ ಅಲ್ಲ, ಅಂದ್ರೆ ಷಡ್ಜನೇ ಇಲ್ಲ. ಷಡ್ಜ ಹುಡುಕೋ ಕಿವಿಗೆ ಅದು ಗಲಾಟೆ ಥರ ಕೇಳದೇ ಇನ್ನೇನಾಗತ್ತೆ. ಅದಕ್ಕೂ ಮುಂಚೆನೇ, 1913 ಮಾರ್ಚ್ 31ಕ್ಕೆ ವಿಯೆನ್ನಾದಲ್ಲಿ ಅವನು ನಡೆಸಿದ ಕಾರ್ಯಕ್ರಮದಲ್ಲಿ ಶಿಷ್ಯ ಬೆರ್ಗ್‌ನ ಹಾಡುಗಳ ಹೊತ್ತಿಗೆ ಹೊಡೆದಾಟ ಆಗಿ ಸಭೆನೇ ನಿಂತೋಯ್ತು, ಅವರ್ಯಾರೂ ತಂಬೂರಿ ಕೇಳಿ ಬೆಳೆದೋರಲ್ಲ ನೋಡು. 1918ರಲ್ಲಿ ಅವನು ಹೊಸ ಸಂಗೀತಕ್ಕೆ ಅಂತ ಒಂದು ಸಂಘ ಕಟ್ಟಿದಾಗ ಅಲ್ಲಿ ಚಪ್ಪಾಳೆ ಹೊಡೆಯೋ ಹಾಗಿಲ್ಲ, ವಿಮರ್ಶಕರಿಗೆ ಪ್ರವೇಶ ಇಲ್ಲ ಅಂತಾನೇ ನಿಯಮ ಮಾಡ್ದ. ಆದ್ರೆ ಅವನು 1899ರಲ್ಲಿ ಬರೆದ 'ವೆರ್‌ಕ್ಲೇರ್ಟೆ ನಾಖ್ಟ್' ಅಂತ ಅರ್ಧ ಗಂಟೆದೊಂದು ಇದೆ, ಆರು ತಂತಿವಾದ್ಯಕ್ಕೆ, ಅದರಲ್ಲಿ ಷಡ್ಜ ಇದೆ. ಬಹಳ ಅಲೆದಾಡಿಸ್ತಾನೆ, ಕೊನೇಲಿ ಸಾಧಾರಣ ಗಾಂಧಾರ (ಕೆಳಗಿನ 'ಗ') ಹೋಗಿ ಅದೇ ಷಡ್ಜದ ಮೇಲೆ ಅಂತರ ಗಾಂಧಾರ (ಮೇಲಿನ 'ಗ') ಬಂದು ಕೂರತ್ತೆ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳು. ಅದು ಹಿಡಿಸ್ಲಿಲ್ಲ ಅಂದ್ರೆ ಷೋನ್‌ಬರ್ಗ್ ಬಿಟ್ಬಿಡು, ನಾನೇ ಬಿಟ್ಬಿಡು ಅಂತೀನಿ.

ಇದರ ಉಲ್ಟಾ ಕೇಸೂ ನೋಡಿದೀನಿ. ನಮ್ಮ ಆಫೀಸಿಗೆ ಜರ್ಮನಿಯಿಂದ ಬಂದಿದ್ದ ಒಬ್ಬರು, ಚೆನ್ನಾಗಿ ಪಿಯಾನೊ ನುಡಿಸ್ತಾರೆ, ಅವರನ್ನ ರಾಮನವಮಿ ಕಛೇರಿಗೆ ಚಾಮರಾಜಪೇಟೆಗೆ ಕರ್ಕೊಂಡು ಹೋಗಿದ್ದೆ. ಕೋಸಂಬರಿ ಪಾನಕ ಎಲ್ಲ ಖುಷಿಯಿಂದ ತಗೊಂಡ್ರು, ಮೃದಂಗದೋರ ತನಿ ಆವರ್ತನಕ್ಕೆ ಬೆರಗಾಗಿ ಹೋದ್ರು, ಆದ್ರೆ ಭೈರವಿ ಆಲಾಪನೆ ಮುಗಿದಾಗ ನನ್ ಕಡೆ ಬಗ್ಗಿ ಇಡೀ ಸಂಜೆ ಒಂದೇ ಷಡ್ಜದ ಮೇಲೆ ಇರ್ತಾರಾ, ಬೇರೆ ಕಡೆ ಹೋಗೋದೇ ಇಲ್ವಾ ಅಂತ ಕೇಳಿದ್ರು. ಅವರ ಕಿವಿ ಆ ಪ್ರಯಾಣಕ್ಕೆ ಕಾಯ್ತಾ ಇತ್ತು ಕಣೋ, ಗಾಂಧಾರದ ಗಮಕದೊಳಗೆ ಏನಾಗ್ತಿದೆ ಅಂತ ಅಲ್ಲ. ಅವರಿಗೆ ಭೈರವಿ ಅರ್ಥ ಮಾಡ್ಕೊಳ್ಳೋ ಯೋಗ್ಯತೆ ಇಲ್ಲ ಅಂತ ನೀನು ಹೇಳ್ತೀಯಾ? ಇಲ್ಲ ತಾನೇ. ಮತ್ತೆ ನಿನಗೆ ನೀನೇ ಯಾಕೆ ಹೇಳ್ಕೋತೀಯ.

ಇನ್ನು ನಮ್ಮ ಕಡೆಯೋರ ಕಿವಿಗೆ ಇದು ಆಗಲ್ಲ ಅನ್ನೋ ಮಾತಿಗೆ ನನ್ನ ಹತ್ರ ಗಟ್ಟಿ ಉತ್ತರ ಇದೆ. ನಾವು ದಿನಾ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ಳೋ ಜೆ.ಸಿ. ರೋಡ್ ಯಾರ ಹೆಸರಲ್ಲಿದೆಯೋ ಅವರೇ, ಜಯಚಾಮರಾಜ ಒಡೆಯರ್. ಮೈಸೂರು ವಾಸುದೇವಾಚಾರ್ಯರ ಹತ್ರ ಕಲಿತು, 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ಮಾಡಿದೋರು. ಅವರೇ 1940ರ ದಶಕದಲ್ಲಿ ಲಂಡನ್‌ನಲ್ಲಿ ಕಷ್ಟದಲ್ಲಿದ್ದ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರನ ಕೈ ಹಿಡಿದ್ರು. ಮೆಟ್ನರ್‌ಗೆ 'ರಷ್ಯಾದ ಬ್ರಾಮ್ಸ್' ಅಂತಾನೇ ಹೆಸರು, ಜನರಿಗೆ ಹಿಡಿಸದೇ ಇರಕ್ಕೆ ಕಾರಣನೂ ಅದೇ, ದಟ್ಟವಾಗಿರತ್ತೆ, ಒಂದೇ ಸಲಕ್ಕೆ ಟ್ಯೂನ್ ಕೈಗೆ ಕೊಡಲ್ಲ, ಜೊತೆಗೆ ಜೀವದ ಗೆಳೆಯ ರಾಖ್ಮನಿನೋವ್‌ನ ನೆರಳು ಬೇರೆ. ಒಡೆಯರ್ ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಮಾಡ್ಸಿ, ಎಚ್ಎಂವಿಯಲ್ಲಿ ಅವನ ಮೂರೂ ಪಿಯಾನೊ ಕನ್ಸರ್ಟೋನ ಅವನ ಕೈಯಲ್ಲೇ ರೆಕಾರ್ಡ್ ಮಾಡ್ಸಿದ್ರು, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಅವನು 1951ರಲ್ಲಿ ತೀರ್ಕೊಂಡ, ಈ ರೆಕಾರ್ಡ್ ಆಗ್ದೇ ಇದ್ದಿದ್ರೆ ಆ ಕನ್ಸರ್ಟೋಗಳು ಅವನ ಬೆರಳಲ್ಲಿ ಹೇಗೆ ಕೇಳ್ತಿದ್ವು ಅಂತ ನಮಗ್ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಮೂರನೇ ಕನ್ಸರ್ಟೋನ ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದಾನೆ. ರಿಚರ್ಡ್ ಸ್ಟ್ರೌಸ್‌ನ ಕೊನೇ ನಾಲ್ಕು ಹಾಡುಗಳು 1950ರಲ್ಲಿ ಲಂಡನ್‌ನಲ್ಲಿ ಮೊದಲು ಹಾಡಿದಾಗ ಆ ಕಾರ್ಯಕ್ರಮದ ಖರ್ಚಿಗೆ ಗ್ಯಾರಂಟಿ ನಿಂತೋರೂ ಇವರೇ. ಒಂದೇ ತಲೇಲಿ ಅಠಾಣ ರಾಗವೂ ಇತ್ತು, ಮೆಟ್ನರ್ರೂ ಇದ್ದ. ಇದನ್ನ ಓದಿದಾಗಿಂದ ನನಗೆ ಈ ಊರಲ್ಲಿ ಕೂತು ಬ್ರಾಮ್ಸ್ ಕೇಳೋದ್ರಲ್ಲಿ ಯಾವ ಪರಕೀಯತೆನೂ ಅನ್ಸಿಲ್ಲ.

ಸರಿ, ಈಗ ನೀನು ಮಾಡಬೇಕಾಗಿರೋದು. ಬ್ರಾಮ್ಸ್ ಪೂರ್ತಿ ಕೇಳ್ಬೇಡ. ಹ್ಯಾನ್ಸ್‌ಲಿಕ್‌ಗೆ ಏಟು ಕೊಟ್ಟ ಅದೇ ನಾಲ್ಕನೇ ಸಿಂಫನಿಯ ಕೊನೇ ಭಾಗ ಮಾತ್ರ ಹಾಕು, ಹತ್ತು ನಿಮಿಷ ಚಿಲ್ಲರೆ. ಶುರುವಲ್ಲಿ ಗಾಳಿವಾದ್ಯಗಳು ಎಂಟು ಸ್ವರ ಊದ್ತವೆ, ಒಂದೊಂದೂ ಒಂದು ಬಾರ್ (ತಾಳದ ಒಂದು ಅಳತೆ), ಬಾರಿಗೆ ಮೂರು ಎಣಿಕೆ. ಸ್ವರ ಹಾಕಿದ್ರೆ ಹೀಗೆ: ಸ, ಚತುಶ್ರುತಿ ರಿ, ಸಾಧಾರಣ ಗ, ಶುದ್ಧ ಮ, ಅದರ ಪಕ್ಕಕ್ಕೇ ಪ್ರತಿ ಮ, ಪ, ಕೆಳಗಿನ ಪ, ಸ. ಎರಡು ಮಧ್ಯಮ ಒಂದರ ಹಿಂದೆ ಒಂದು! ಬಾಖ್‌ನ ಒಂದು ಕಾಂಟಾಟಾದಿಂದ (ಚರ್ಚಿನಲ್ಲಿ ಹಾಡೋ ಕೃತಿ) ಸಾಲು ತಗೊಂಡು ತಿದ್ದಿದಾನೆ. ಆಮೇಲೆ ಆ ಎಂಟು ಬಾರಿನ ಆವರ್ತ ಮೂವತ್ತು ಸಲ ಬೇರೆ ಬೇರೆ ಥರ ಬರತ್ತೆ, ನೆರವಲ್ ಕೇಳೋ ನಿನಗೆ ಇದು ಹೊಸದೇನಲ್ಲ, ಒಂದೇ ಸಾಲು, ಪ್ರತಿ ಸಲ ಬೇರೆ ಮಾತು. ಸಾಲು ಕೆಲವು ಸಲ ಮೇಲಿರತ್ತೆ, ಕೆಲವು ಸಲ ಕೆಳಗೆ ಬಾಸ್‌ನಲ್ಲಿ, ಕೆಲವು ಸಲ ನಡುವೆ ಹುದುಗಿರತ್ತೆ, ನೀನು ಬೆರಳಲ್ಲಿ ಲೆಕ್ಕ ಹಾಕ್ತಾ ಇದ್ರೆ ಕೈ ಬಿಡಲ್ಲ.

ಹನ್ನೆರಡನೇ ಸುತ್ತಿಗೆ ಉಳಿದದ್ದೆಲ್ಲ ಮೆತ್ತಗಾಗಿ ಕೊಳಲು ಮುಂದೆ ಬಂದು ಹಾಡತ್ತೆ, ನಡೆ ನಿಧಾನ ಆಗತ್ತೆ, ಅಲ್ಲಿ ನಿನಗೆ ಬೇಕಾದ ಆ ಒಂದು ಎಳೆ ಪೂರ್ತಿಯಾಗಿ ಸಿಗತ್ತೆ. ಅದು ಮುಗೀತಿದ್ದ ಹಾಗೇ ಅಂತರ ಗಾಂಧಾರ ಬರತ್ತೆ, ಹದಿನಾಲ್ಕರಲ್ಲಿ ಟ್ರೊಂಬೋನ್‌ಗಳು ಮೆತ್ತಗೆ. ಈ ಟ್ರೊಂಬೋನ್‌ನೋರು ಮೊದಲ ಮೂರು ಭಾಗ ಪೂರ್ತಿ ಒಂದು ಸ್ವರ ಕೂಡ ಊದದೆ ಸುಮ್ನೆ ಕೂತಿರ್ತಾರೆ, ಈ ಕೊನೇ ಭಾಗಕ್ಕೆ ಅಂತಾನೇ. ಮತ್ತೆ ಹದಿನಾರರಲ್ಲಿ ಮೊದಲಿನ ಸಾಲು ಗುಡುಗಿದ ಹಾಗೆ ವಾಪಸ್. ಷಡ್ಜ ಮಾತ್ರ ಹೆಚ್ಚುಕಮ್ಮಿ ಕೊನೇವರೆಗೂ ಅದೇ, ಶ್ರುತಿಪೆಟ್ಟಿಗೆನ 'E' ಶ್ರುತಿಗೆ ಇಟ್ಕೊಂಡು ಮೆಲ್ಲಗೆ ಹಚ್ಚಿದ್ರೂ ಬಹಳ ಕಡೆ ಹೊಂದ್ಕೊಳ್ಳತ್ತೆ, ನಾನು ಮಾಡಿ ನೋಡಿದೀನಿ.

ಭಾನುವಾರ ಬೆಳಿಗ್ಗೆ ಮಲ್ಲೇಶ್ವರಕ್ಕೆ ಬಾ, ನಮ್ಮನೆ ಸ್ಪೀಕರಲ್ಲಿ ಒಟ್ಟಿಗೆ ಕೇಳೋಣ, ನಮ್ಮಮ್ಮ ನಿನಗೆ ಅಕ್ಕಿರೊಟ್ಟಿ ಮಾಡ್ತೀನಿ ಅಂದಿದಾರೆ. ಅದಕ್ಕೆ ಮುಂಚೆ ನೀನೊಬ್ಬನೇ ಒಂದು ಸಲ ಕೇಳಿರು, ಯಾವ ಸುತ್ತಲ್ಲಿ ಸಾಲು ಕೈತಪ್ಪಿತು ಅಂತ ಒಂದು ಚೀಟಿಲಿ ಬರ್ಕೊಂಡು ಬಾ, ಅಲ್ಲಿಂದಾನೇ ಹಾಕೋಣ.

ನಿನ್ನ
ರಘು