ಯಾವ ಟಾಕೀಸು, ಯಾವ ದಿನ, ಎಷ್ಟು ಆಟ: ನಮ್ಮ ಜಿಲ್ಲೆಯ ಚಿತ್ರಪ್ರದರ್ಶನದ ದಾಖಲೆ ಉಳಿಯಲಿ

ಮಾನ್ಯ ಸಂಪಾದಕರಿಗೆ,

ಹಳೆಯ ಜನಪ್ರಿಯ ಚಿತ್ರಗಳಿಗೆ ಐವತ್ತು ವರ್ಷ ತುಂಬಿದಾಗ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ಪ್ರಕಟವಾಗುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ನಟರು, ನಿರ್ದೇಶಕರು, ಹಾಡುಗಳು, ಚಿತ್ರೀಕರಣದ ಪ್ರಸಂಗಗಳು ಎಲ್ಲವೂ ಅವುಗಳಲ್ಲಿ ವಿವರವಾಗಿ ಇರುತ್ತವೆ. ಆದರೆ ಆ ಚಿತ್ರ ಯಾವ ಊರಿನ ಯಾವ ಚಿತ್ರಮಂದಿರಕ್ಕೆ ಯಾವಾಗ ಬಂತು, ದಿನಕ್ಕೆ ಎಷ್ಟು ಆಟ ನಡೆಯಿತು, ಎಂಥ ಯಂತ್ರದಲ್ಲಿ ಎಂಥ ಪರದೆಯ ಮೇಲೆ ಜನ ಅದನ್ನು ಕಂಡರು ಎಂಬ ಮಾಹಿತಿ ಬೆಂಗಳೂರಿನ ಒಂದೆರಡು ಚಿತ್ರಮಂದಿರಗಳ ಹೆಸರಿನಾಚೆ ಹೋಗುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಇದು ಒಂದೆಡೆ ಕಲೆಹಾಕಿ ಪ್ರಕಟವಾದದ್ದನ್ನು ನಾನು ಕಂಡಿಲ್ಲ. ಅದನ್ನು ಈಗಲೇ ಸಂಗ್ರಹಿಸಬೇಕು, ಆ ಕೆಲಸಕ್ಕೆ ತಮ್ಮ ಪತ್ರಿಕೆ ಮುಂದಾಗಬೇಕು ಎಂದು ಕೋರುವುದಕ್ಕಾಗಿ ಈ ಪತ್ರ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಂದು ಆ ಚಿತ್ರದ ಒಂದು ಪ್ರತಿಯೂ ಲಭ್ಯವಿಲ್ಲ. ಚಿತ್ರವೇ ಇಲ್ಲವಾದರೂ ಅದು ತೆರೆಕಂಡ ದಿನ ಮತ್ತು ಸ್ಥಳ ದಾಖಲೆಯಲ್ಲಿ ಉಳಿದದ್ದರಿಂದ ಮಾರ್ಚ್ 3ನ್ನು ನಾವು ಕನ್ನಡ ಚಿತ್ರರಂಗದ ಹುಟ್ಟಿದ ದಿನವೆಂದು ನೆನೆಯುತ್ತೇವೆ. ‘ರಾಜಾ ಹರಿಶ್ಚಂದ್ರ’ ಎಂದರೆ 1913ರ ಮೇ 3 ಹಾಗೂ ಮುಂಬಯಿಯ ಕೊರೊನೇಶನ್, ‘ಆಲಂ ಆರಾ’ ಎಂದರೆ 1931ರ ಮಾರ್ಚ್ 14 ಹಾಗೂ ಅಲ್ಲಿನ ಮೆಜೆಸ್ಟಿಕ್ ಚಿತ್ರಮಂದಿರ ಎಂದು ಇಂದಿಗೂ ಖಚಿತವಾಗಿ ಹೇಳಬಹುದಾಗಿದೆ. ಮಹಾನಗರಗಳಿಗೆ ದೊರೆತ ಈ ಅದೃಷ್ಟ ಸಣ್ಣ ಊರುಗಳಿಗೆ ದೊರೆಯಲಿಲ್ಲ.

‘ಎಷ್ಟು ವಾರ ಓಡಿತು’ ಎಂಬ ಒಂದೇ ಅಂಕಿಯಿಂದ ಪ್ರದರ್ಶನದ ಚರಿತ್ರೆ ತಿಳಿಯುವುದಿಲ್ಲ ಎಂಬುದಕ್ಕೆ ‘ಶೋಲೆ’ ಒಳ್ಳೆಯ ಉದಾಹರಣೆ. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರ ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತೆಂದು ಎಲ್ಲರೂ ಬರೆಯುತ್ತಾರೆ. ಮೊದಲ ಮೂರು ವರ್ಷ ನಿತ್ಯದ ಆಟಗಳಲ್ಲಿಯೂ ಆ ನಂತರ ಮ್ಯಾಟಿನಿಯಲ್ಲಿ ಮಾತ್ರವೂ ನಡೆಯಿತೆಂಬುದನ್ನು ಬರೆಯುವವರು ಕಡಿಮೆ. ನಮ್ಮ ರಾಮನಗರದ ಬಂಡೆಗಳ ನಡುವೆ 35 ಎಂ.ಎಂ. (ಮಿಲಿಮೀಟರ್) ಅಗಲದ ಫಿಲ್ಮಿನಲ್ಲಿ ಚಿತ್ರೀಕರಿಸಿ, ಬಳಿಕ 70 ಎಂ.ಎಂ.ಗೆ ಹಿಗ್ಗಿಸಿ, ಹಲವು ಸ್ಪೀಕರುಗಳಿಂದ ಹೊರಡುವ ಸ್ಟೀರಿಯೋಫೋನಿಕ್ ಧ್ವನಿ ಅಳವಡಿಸಿದ ಆ ಚಿತ್ರವನ್ನು ಮಿನರ್ವಾದ ವಿಶಾಲ ಪರದೆಯ ಮೇಲೆ ಕಂಡವರ ಅನುಭವವೇ ಬೇರೆ, ಸಣ್ಣ ಊರಿನ ಟಾಕೀಸಿನಲ್ಲಿ 35 ಎಂ.ಎಂ. ಪ್ರತಿಯನ್ನು ಪರದೆಯ ಹಿಂದಿನ ಸ್ಪೀಕರಿನಿಂದ ಹೊರಡುವ ಒಂಟಿ ಧ್ವನಿಯಲ್ಲಿ ಕಂಡವರ ಅನುಭವವೇ ಬೇರೆ. ಎರಡೂ ನಿಜವಾದ ಅನುಭವಗಳೇ. ಬರವಣಿಗೆಯಲ್ಲಿ ಉಳಿದಿರುವುದು ಮೊದಲನೆಯದು ಮಾತ್ರ.

1972ರ ಮಾರ್ಚ್ 31ರಂದು ತೆರೆಕಂಡ ‘ಬಂಗಾರದ ಮನುಷ್ಯ’ದ ಕಥೆಯೂ ಹೀಗೆಯೇ ಇದೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ (ಅದೇ ಮುಂದೆ ಭೂಮಿಕಾ ಎಂದಾಯಿತು) ಅದು ಎರಡು ವರ್ಷ ಓಡಿತೆಂಬ ಮಾತು ಮಕ್ಕಳಿಗೂ ಗೊತ್ತು. ಕೃಷಿಯನ್ನೇ ನೆಚ್ಚಿದ ನಮ್ಮ ಜಿಲ್ಲೆಯ ಜನ ಅದನ್ನು ಎಲ್ಲಿ ನೋಡಿದರು? ಶಿರಸಿಗೆ ಅದು ಯಾವ ತಿಂಗಳು ಬಂತು, ಕಾರವಾರದಲ್ಲಿ ಎಷ್ಟು ವಾರ ನಿಂತಿತು, ಕುಮಟಾದಿಂದ ಅದೇ ಪ್ರತಿ ಮುಂದೆ ಯಾವ ಊರಿಗೆ ಹೋಯಿತು? ಹಿರಿಯರನ್ನು ಕೇಳಿದರೆ ಒಬ್ಬರು ಒಂದು ವರ್ಷ ಹೇಳುತ್ತಾರೆ, ಇನ್ನೊಬ್ಬರು ಮತ್ತೊಂದು ಹೇಳುತ್ತಾರೆ. ಚಿತ್ರ ಬಿಡುಗಡೆಯಾದ ವರ್ಷವನ್ನೇ ನಮ್ಮೂರಿಗೆ ಬಂದ ವರ್ಷವೆಂದು ಬರೆದುಬಿಡುವ ತಪ್ಪು ಸ್ಮರಣ ಸಂಚಿಕೆಗಳಲ್ಲಿಯೂ ನುಸುಳಿದೆ. ಆ ಕಾಲದಲ್ಲಿ ದೊಡ್ಡ ನಗರಕ್ಕೂ ತಾಲೂಕು ಕೇಂದ್ರಕ್ಕೂ ತಿಂಗಳುಗಳ ಅಂತರ ಸಾಮಾನ್ಯವಾಗಿತ್ತು.

ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. 1939ರ ಡಿಸೆಂಬರ್ 15ರಂದು ಅಟ್ಲಾಂಟಾದ ಲೋವ್ಸ್ ಗ್ರ್ಯಾಂಡ್ ಚಿತ್ರಮಂದಿರದಲ್ಲಿ ‘ಗಾನ್ ವಿತ್ ದ ವಿಂಡ್’ ತೆರೆಕಂಡ ಕಾಲಕ್ಕೆ ದೊಡ್ಡ ಚಿತ್ರಗಳನ್ನು ಮೊದಲು ಆಯ್ದ ನಗರಗಳ ಆಯ್ದ ಚಿತ್ರಮಂದಿರಗಳಲ್ಲಿ, ಮುಂಗಡ ಕಾದಿರಿಸಿದ ಆಸನಗಳೊಂದಿಗೆ, ಹೆಚ್ಚಿನ ದರದಲ್ಲಿ ತೋರಿಸಿ, ಆಮೇಲೆ ಸಣ್ಣ ಊರುಗಳಿಗೆ ಕಳಿಸುವ ಪದ್ಧತಿಯಿತ್ತು. 1975ರ ಜೂನ್‌ನಲ್ಲಿ ‘ಜಾಸ್’ ಒಮ್ಮೆಲೇ 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ ಹೊಸ ದಾರಿ ತೋರಿದರೂ, 1977ರ ಮೇ 25ರಂದು ‘ಸ್ಟಾರ್ ವಾರ್ಸ್’ ತೆರೆಕಂಡದ್ದು ಕೇವಲ 32 ಚಿತ್ರಮಂದಿರಗಳಲ್ಲಿ. ಅಲ್ಲಿನ ಆಸಕ್ತರು ಊರೂರಿನ ಹಳೆಯ ಪತ್ರಿಕೆಗಳ ಸಿನಿಮಾ ಜಾಹೀರಾತುಗಳನ್ನು ಒಂದೊಂದಾಗಿ ಓದಿ, ಇಂಥ ಚಿತ್ರ ಇಂಥ ಊರಿನ ಇಂಥ ಚಿತ್ರಮಂದಿರದಲ್ಲಿ ಇಂಥ ದಿನದಿಂದ ಇಷ್ಟು ವಾರ, 70 ಎಂ.ಎಂ.ನಲ್ಲಿ ಅಥವಾ 35 ಎಂ.ಎಂ.ನಲ್ಲಿ ನಡೆಯಿತೆಂದು ಪಟ್ಟಿ ಮಾಡಿದ್ದಾರೆ. ಯಾವ ವಿಶ್ವವಿದ್ಯಾಲಯವೂ ಹೇಳಿ ಮಾಡಿಸಿದ ಕೆಲಸವಲ್ಲ ಅದು, ಪ್ರೀತಿಯಿಂದ ಆದದ್ದು. ನಮ್ಮಲ್ಲಿಯೂ ಆಗಬಲ್ಲದು.

ನಮ್ಮ ಜಿಲ್ಲೆಯ ಪ್ರದರ್ಶನದ ಚರಿತ್ರೆ ರಾಜ್ಯದ ಬೇರೆ ಭಾಗಗಳಂತೆ ಇಲ್ಲ. 1956ರ ವರೆಗೆ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದೆವು. ರಾಜ್ಯದ ಗಡಿ ಬದಲಾದರೂ ಚಿತ್ರ ಹಂಚಿಕೆಯ ಗಡಿ ಬದಲಾಗಲಿಲ್ಲ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಇಂದಿಗೂ ಹಳೆಯ ಮುಂಬಯಿ ಕರ್ನಾಟಕದ ಜಿಲ್ಲೆಗಳನ್ನು ಮುಂಬಯಿ ವಲಯದೊಳಗೆ ಲೆಕ್ಕ ಹಾಕುತ್ತಾರೆ. ಕನ್ನಡ ಚಿತ್ರಗಳ ರೀಲುಗಳ ಪೆಟ್ಟಿಗೆ ಬಹುಮಟ್ಟಿಗೆ ಹುಬ್ಬಳ್ಳಿಯ ಹಂಚಿಕೆದಾರರ ಮೂಲಕ ಬರುತ್ತಿತ್ತು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ, ಇಲ್ಲವೇ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಸ್ಸಿನ ಮೇಲೆ ಬರುವ ಆ ತಗಡಿನ ಪೆಟ್ಟಿಗೆಗಳಿಗಾಗಿ ಟಾಕೀಸಿನ ಹುಡುಗರು ನಿಲ್ದಾಣದಲ್ಲಿ ಕಾಯುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ. ಮಳೆಗಾಲದಲ್ಲಿ ಘಟ್ಟದಲ್ಲಿ ಮರ ಬಿದ್ದರೆ ಹೊಸ ಚಿತ್ರದ ಬದಲು ಹಿಂದಿನ ವಾರದ ಚಿತ್ರವೇ ಮುಂದುವರಿಯುತ್ತಿತ್ತು. ಹಾಗೆ ಹೆಚ್ಚಿದ ದಿನಗಳನ್ನೂ ಸೇರಿಸಿ ‘ಮೂರು ವಾರ ಓಡಿತು’ ಎಂದು ಹೇಳುವುದುಂಟು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ಟೂರಿಂಗ್ ಟಾಕೀಸಿನ ಡೇರೆಗಳು ಬೇಸಿಗೆಯಲ್ಲಿ ಮಾತ್ರ ನಿಲ್ಲುತ್ತಿದ್ದವು. ಯಕ್ಷಗಾನದ ಡೇರೆ ಮೇಳಗಳ ತಿರುಗಾಟವೂ ಅದೇ ತಿಂಗಳುಗಳಲ್ಲಿ ಇದ್ದುದರಿಂದ ಸಿನಿಮಾದವರೂ ಮೇಳದವರೂ ಒಂದೇ ಪ್ರೇಕ್ಷಕರಿಗಾಗಿ ಪೈಪೋಟಿ ನಡೆಸಬೇಕಾಗುತ್ತಿತ್ತು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಹಳ್ಳಿಗಳಿಂದ ಬಂದವರಲ್ಲಿ ರಾತ್ರಿಯ ಕೊನೆಯ ಆಟ ನೋಡಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದವರು ಬಹಳ ಮಂದಿ. ಇಂಥ ಸಂಗತಿಗಳು ಬೆಂಗಳೂರಿನ ಯಾವ ದಾಖಲೆಯಲ್ಲಿಯೂ ಸಿಗಲಾರವು.

ಪ್ರೊಜೆಕ್ಟರ್ ಕೋಣೆಯ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಎಲ್ಲಕ್ಕಿಂತ ಮೊದಲು ನಾವು ಕಳೆದುಕೊಳ್ಳುವುದು ಆ ತಿಳಿವಳಿಕೆಯನ್ನು. 2,000 ಅಡಿಯ ಒಂದು ರೀಲು ಸುಮಾರು 22 ನಿಮಿಷ ನಡೆಯುತ್ತದೆ. ಒಂದು ಯಂತ್ರದಲ್ಲಿ ರೀಲು ಮುಗಿಯುವ ಹೊತ್ತಿಗೆ ಚಿತ್ರದ ಬಲ ಮೇಲ್ತುದಿಯಲ್ಲಿ ಮೂಡುವ ಗುರುತನ್ನು ನೋಡಿ ಆಪರೇಟರು ಎರಡನೆಯ ಯಂತ್ರವನ್ನು ಚಾಲೂ ಮಾಡಬೇಕಿತ್ತು. ಬೆಳಕು ಬರುತ್ತಿದ್ದುದು ಉರಿಯುವ ಎರಡು ಕಾರ್ಬನ್ ಕಡ್ಡಿಗಳ ನಡುವಿನ ಕಿಡಿಯಿಂದ. ಕಡ್ಡಿ ಸವೆದಂತೆ ಅಂತರ ಸರಿಪಡಿಸದಿದ್ದರೆ ಪರದೆ ಮಂಕಾಗುತ್ತಿತ್ತು. 1977ರಲ್ಲಿ ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದಾಗ ಅದಕ್ಕೆ ಬೇಕಾದ ಲೆನ್ಸು ಮತ್ತು ಅಗಲ ಪರದೆ ನಮ್ಮ ಜಿಲ್ಲೆಯ ಯಾವ ಟಾಕೀಸುಗಳಲ್ಲಿ ಇತ್ತು, ಅದಿಲ್ಲದ ಕಡೆ ಏನು ಮಾಡಿದರು ಎಂಬುದನ್ನು ಹೇಳಬಲ್ಲವರು ಆಗಿನ ಆಪರೇಟರುಗಳು. ಅವರಲ್ಲಿ ಉಳಿದಿರುವವರಿಗೆ ಈಗ ಬಹಳ ವಯಸ್ಸಾಗಿದೆ. ಈಗ ಫಿಲ್ಮು ಇಲ್ಲ, ರೀಲು ಇಲ್ಲ, ಬಸ್ಸಿನ ಮೇಲೆ ಪೆಟ್ಟಿಗೆಯೂ ಬರುವುದಿಲ್ಲ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಬೆಂಗಳೂರಿನಲ್ಲಿಯೂ ಕರಾವಳಿಯಲ್ಲಿಯೂ ಒಂದೇ ದಿನ ತೆರೆಕಂಡಿತು. ಈ ಸೌಲಭ್ಯ ನನಗೂ ಸಂತೋಷದ ವಿಷಯವೇ. ಆದರೆ ಹಿಂದೆ ಹೇಗಿತ್ತೆಂದು ವಿವರಿಸುವ ಒಂದು ಪುಟವೂ ಉಳಿಯದಿದ್ದರೆ ಮುಂದಿನವರು ಎಲ್ಲ ಕಾಲದಲ್ಲಿಯೂ ಹೀಗೆಯೇ ಇತ್ತೆಂದು ತಿಳಿಯುತ್ತಾರೆ.

ಆಧಾರಗಳಿಗೆ ಕೊರತೆಯಿಲ್ಲ. ಚಿತ್ರಮಂದಿರಕ್ಕೆ ಪರವಾನಗಿ ಕೊಡುವ ಅಧಿಕಾರ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಜಿಲ್ಲಾ ದಂಡಾಧಿಕಾರಿಗಳದ್ದು. ಆದ್ದರಿಂದ ಜಿಲ್ಲೆಯ ಪ್ರತಿಯೊಂದು ಟಾಕೀಸಿನ ನಕ್ಷೆ, ಆಸನಗಳ ಸಂಖ್ಯೆ, ನವೀಕರಣದ ಕಡತಗಳನ್ನು ಹುಡುಕಬೇಕಾದ ಮೊದಲ ಸ್ಥಳ ಕಾರವಾರ. ಮನರಂಜನಾ ತೆರಿಗೆ ಇದ್ದಷ್ಟು ಕಾಲ, ಅಂದರೆ 2017ರ ಜುಲೈನಲ್ಲಿ ಜಿ.ಎಸ್‌.ಟಿ. ಬರುವವರೆಗೆ, ಮಾರಾಟವಾದ ಟಿಕೆಟ್ಟುಗಳ ಲೆಕ್ಕವನ್ನು ಮಾಲೀಕರು ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಹಂಚಿಕೆದಾರರ ಪ್ರತಿನಿಧಿ ಟಾಕೀಸಿನಲ್ಲಿಯೇ ಕುಳಿತು ಬರೆದ ದಿನದ ಗಳಿಕೆಯ ಹಾಳೆಗಳು ಕೆಲವು ಮನೆಗಳ ಅಟ್ಟದಲ್ಲಿ ಇರಬಹುದು. ಬಣ್ಣದ ಕರಪತ್ರಗಳು, ಗೋಡೆ ಭಿತ್ತಿಪತ್ರಗಳು, ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳೂ ಅಲ್ಲಲ್ಲಿ ಉಳಿದಿವೆ. ಸರ್ಕಾರಿ ಕಡತಗಳಿಗೆ ನಿಗದಿತ ಅವಧಿ ಮುಗಿದ ಮೇಲೆ ವಿಲೇವಾರಿಯ ನಿಯಮವಿದೆ. ಈ ಕಡತಗಳನ್ನು ವಿಲೇವಾರಿ ಮಾಡುವ ಮೊದಲು ರಾಜ್ಯ ಪತ್ರಾಗಾರಕ್ಕೆ ಅಥವಾ ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ತೋರಿಸಬೇಕೆಂದು ಜಿಲ್ಲಾಡಳಿತವನ್ನು ಈ ಮೂಲಕ ವಿನಂತಿಸುತ್ತೇನೆ.

ಎಲ್ಲಕ್ಕಿಂತ ದೊಡ್ಡ ಆಧಾರ ಪತ್ರಿಕೆಗಳ ಹಳೆಯ ಸಂಚಿಕೆಗಳು. ಸಿನಿಮಾ ಜಾಹೀರಾತಿನಲ್ಲಿ ಚಿತ್ರಮಂದಿರದ ಹೆಸರು, ಆಟದ ವೇಳೆ, ಎಷ್ಟನೆಯ ವಾರ ಎಂಬುದು ದಿನಾಂಕ ಸಮೇತ ಅಚ್ಚಾಗಿರುತ್ತದೆ. ಹಿರಿಯರ ನೆನಪನ್ನು ತಾಳೆ ನೋಡಲು ಇದಕ್ಕಿಂತ ಉತ್ತಮ ಸಾಧನ ನನಗೆ ತೋರುವುದಿಲ್ಲ. ಆದುದರಿಂದ ತಮ್ಮಲ್ಲಿ ಮೂರು ಕೋರಿಕೆ. ಹಳೆಯ ಸಂಚಿಕೆಗಳ ಜಾಹೀರಾತು ಪುಟಗಳನ್ನು ಆಸಕ್ತ ಓದುಗರು ಬಂದು ನೋಡಿ ಟಿಪ್ಪಣಿ ಮಾಡಿಕೊಳ್ಳಲು ವಾರದಲ್ಲಿ ಒಂದು ದಿನ ಅವಕಾಶ ಕೊಡಬೇಕು. ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಟಾಕೀಸಿನಂತೆ, ಹಳಿಯಾಳದಿಂದ ಭಟ್ಕಳದವರೆಗೆ, ಮುಚ್ಚಿದವು ಹಾಗೂ ನಡೆಯುತ್ತಿರುವವು ಎರಡನ್ನೂ ಕುರಿತು ಓದುಗರಿಂದ ಮಾಹಿತಿ ಕೇಳಬೇಕು. ಬಂದ ಮಾಹಿತಿಯನ್ನು ಜಾಹೀರಾತಿನೊಂದಿಗೆ ತಾಳೆ ನೋಡದೆ ಪ್ರಕಟಿಸಬಾರದು. ಇನ್ನು ಮುಂದೆ ಯಾವುದೇ ಚಿತ್ರದ ಸುವರ್ಣ ಮಹೋತ್ಸವದ ಲೇಖನ ಬಂದರೂ ಅದು ನಮ್ಮ ಜಿಲ್ಲೆಯಲ್ಲಿ ಎಲ್ಲಿ, ಯಾವಾಗ ತೆರೆಕಂಡಿತೆಂಬ ಎರಡು ಸಾಲು ಸೇರಿಸುವಂತೆ ವರದಿಗಾರರಿಗೆ ತಿಳಿಸಬೇಕು.

ಕುಮಟಾ ಮತ್ತು ಹೊನ್ನಾವರದ ಟಾಕೀಸುಗಳಿಗೆ ಸಂಬಂಧಿಸಿದ ಕೆಲವು ಕರಪತ್ರಗಳೂ ಹಾಡಿನ ಪುಸ್ತಕಗಳೂ ನನ್ನಲ್ಲಿವೆ. ತಾವು ಅಂಕಣ ಆರಂಭಿಸಿದಲ್ಲಿ ಅವುಗಳನ್ನು ಪ್ರತಿ ಮಾಡಿಕೊಳ್ಳಲು ತಮ್ಮ ಕುಮಟಾ ವರದಿಗಾರರಿಗೆ ಕೊಡುತ್ತೇನೆ. ಹಳೆಯ ಸಂಚಿಕೆಗಳನ್ನು ಓದಿ ಪಟ್ಟಿ ಮಾಡುವ ಕೆಲಸಕ್ಕೂ ಬರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಹಿರಿಯ ಓದುಗ, ಕುಮಟಾ