ತಂಬಾಕಿಲ್ಲದ ಕವಳಕ್ಕೂ ಬಾಯಿ ತಪಾಸಣೆ ಬೇಕು

ಮಾನ್ಯ ಸಂಪಾದಕರಿಗೆ,

ಕ್ಯಾನ್ಸರ್ ತಡೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಹಣ್ಣು-ತರಕಾರಿ ತಿನ್ನಿ, ದಿನವೂ ನಡೆಯಿರಿ, ತೂಕ ಇಳಿಸಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಸಲಹೆ ಸರಿಯೇ. ಆದರೆ ನಮ್ಮ ಕಡೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬಾಯಲ್ಲೇ ಇರುವ ಅಡಿಕೆಯ ವಿಷಯಕ್ಕೆ ಬಂದಾಗ ‘ತಂಬಾಕು ಬಿಡಿ’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ‘ನಾನು ಹೊಗೆಸೊಪ್ಪು ಮುಟ್ಟುವುದಿಲ್ಲ, ಬರೀ ಎಲೆ, ಅಡಿಕೆ, ಸುಣ್ಣದ ಕವಳ’ ಎನ್ನುವವರು ಈ ಮಾತು ತಮಗಲ್ಲ ಎಂದುಕೊಂಡು ಪುಟ ಮಗುಚುತ್ತಾರೆ. ಈ ಪತ್ರ ಮುಖ್ಯವಾಗಿ ಅವರಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ ಎಂದು 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ಸಂಪುಟ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವುದಕ್ಕೆ ಸಾಕಷ್ಟು ಪುರಾವೆ ಸಿಕ್ಕಿರುವ ವಸ್ತುಗಳ ಗುಂಪು ಅದು. ಬೀಡಿ-ಸಿಗರೇಟಿನ ಹೊಗೆ, ಮದ್ಯ ಎರಡೂ ಅದೇ ಗುಂಪಿನಲ್ಲಿವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದ ಜೀವಕೋಶಗಳನ್ನು ಕೆರಳಿಸಿ ಬೇಕಾದ್ದಕ್ಕಿಂತ ಹೆಚ್ಚು ನಾರು ಕಟ್ಟಿಸುತ್ತದೆ. ಅಡಿಕೆಯ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆಯಲು ನೆರವಾಗುತ್ತದೆ. ಸುಣ್ಣ ಒಳಪದರವನ್ನು ಸುಡುತ್ತದೆ. ತಂಬಾಕೂ ಇದ್ದರೆ ಅದರ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುವಂತೆ ಮಾಡುತ್ತದೆ. ಇದರ ಮೇಲೆ ಕುಡಿತವೂ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ.

ಇದು ಅಡಿಕೆ ಬೆಳೆಗಾರರನ್ನು ದೂರುವ ಮಾತಲ್ಲ. ತೋಟವೇ ಜೀವನಾಧಾರವಾದ ಮನೆಗಳಲ್ಲಿ ಈ ವಿಷಯ ಎತ್ತಿದರೆ ನೋವಾಗುತ್ತದೆ ಎಂಬುದು ಗೊತ್ತು. ಆದರೆ ಬೆಲೆ, ಮಾರುಕಟ್ಟೆಯ ಚರ್ಚೆ ಮುಗಿಯುವವರೆಗೆ ಕೆನ್ನೆಯ ಒಳಗಿನ ಬದಲಾವಣೆ ಕಾಯುವುದಿಲ್ಲ.

ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧದಲ್ಲಿದೆ. ಅದರ ಜಾಗಕ್ಕೆ ಜೋಡಿ ಪ್ಯಾಕೆಟ್ ಬಂತು: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಬೆರೆಸುವ ಕೆಲಸ ಗಿರಾಕಿಯ ಅಂಗೈಯಲ್ಲಿ ನಡೆಯುತ್ತದೆ. ತಂಬಾಕು ಕೊಳ್ಳದೆ ಪಾನ್ ಮಸಾಲಾ ಅಥವಾ ಸಿಹಿ ಅಡಿಕೆಯ ಪ್ಯಾಕೆಟ್ ಮಾತ್ರ ಕೊಳ್ಳುವ ಹುಡುಗರೂ ತಂಬಾಕಿಲ್ಲವೆಂಬ ಧೈರ್ಯದಲ್ಲಿರುತ್ತಾರೆ. ಈ ಪ್ಯಾಕೆಟ್‌ಗಳಲ್ಲಿ ವೀಳ್ಯದೆಲೆ ಇಲ್ಲ. ಒಣ ಅಡಿಕೆಯೇ ಹೆಚ್ಚು. ಸಾಂಪ್ರದಾಯಿಕ ಕವಳ ಹಾಕುವವರಿಗಿಂತ ಇವರಲ್ಲಿ ಬಾಯಿ ಬಿಗಿಯುವುದು ಬೇಗ.

ಬಾಯಿ ಬಿಗಿಯುವ ಈ ಕಾಯಿಲೆಯ ಮೊದಲ ಸೂಚನೆ ಉರಿ. ಸಾರಿನ ಖಾರ ಮನೆಯವರಿಗೆಲ್ಲ ಹಿಡಿಸಿದರೂ ಒಬ್ಬರಿಗೆ ಮಾತ್ರ ಬಾಯಿ ಹೊತ್ತಿಕೊಂಡಂತಾಗುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಒಳಗೆ ಹಗ್ಗದೆಳೆಯಂತೆ ಗಟ್ಟಿ ಪಟ್ಟಿಗಳು ಬೆರಳಿಗೆ ಸಿಗುತ್ತವೆ, ನಾಲಿಗೆ ಪೂರ್ತಿ ಹೊರಚಾಚಲು ಬರುವುದಿಲ್ಲ, ಶಿಳ್ಳೆ ಹಾಕಲಾಗುವುದಿಲ್ಲ. ಪರೀಕ್ಷೆ ಸುಲಭ. ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಲಂಬವಾಗಿ ಇಡಿ. ಮೂರೂ ಬೆರಳು ಹೋಗದಿದ್ದರೆ ದಂತವೈದ್ಯರ ಬಳಿ ಹೋಗಲೇಬೇಕು. ಒಮ್ಮೆ ಗಟ್ಟಿಯಾದ ನಾರು ಅಡಿಕೆ ಬಿಟ್ಟರೂ ಮೊದಲಿನಂತೆ ಸಡಿಲವಾಗುವುದಿಲ್ಲ. ಚುಚ್ಚುಮದ್ದು, ಮಾತ್ರೆ, ಬಾಯಿ ತೆರೆಯುವ ವ್ಯಾಯಾಮದಿಂದ ಸ್ವಲ್ಪ ಅನುಕೂಲವಾಗುತ್ತದೆ, ಅದೂ ಜಗಿಯುವುದನ್ನು ಪೂರ್ತಿ ನಿಲ್ಲಿಸಿದವರಿಗೆ. ಮಾತ್ರೆ ನುಂಗುತ್ತ ಅಡಿಕೆಯನ್ನೂ ಜಗಿದರೆ ದುಡ್ಡು ದಂಡ.

ಎಲೆಅಡಿಕೆ, ತಂಬಾಕು, ಬೀಡಿ, ಮದ್ಯ ಇವುಗಳಲ್ಲಿ ಯಾವುದೇ ಅಭ್ಯಾಸ ಇರುವವರು ತಿಂಗಳಿಗೊಮ್ಮೆ ಬಾಯಿ ನೋಡಿಕೊಳ್ಳುವ ಕ್ರಮ ಹೀಗಿದೆ. ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಕನ್ನಡಿ ಮುಂದೆ ನಿಲ್ಲಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಕಿಟಕಿಯ ಬೆಳಕು ಸಾಲದಿದ್ದರೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೊದಲು ತುಟಿಗಳನ್ನು ಮಗುಚಿ ಒಳಭಾಗ ನೋಡಿ. ಕೆನ್ನೆಯನ್ನು ಬೆರಳಿನಿಂದ ಹೊರಗೆಳೆದು ಹಿಂದಿನ ದವಡೆ ಹಲ್ಲಿನವರೆಗೂ ನೋಡಿ. ಕೆಳಗಿನ ಒಸಡು ಮತ್ತು ಕೆನ್ನೆ ಸೇರುವ ಸಂದಿಯನ್ನು, ಅಂದರೆ ಕವಳ ಒತ್ತಿಟ್ಟುಕೊಳ್ಳುವ ಜಾಗವನ್ನು ಬಿಡಬೇಡಿ. ನಮ್ಮಲ್ಲಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಜಾಗಗಳಲ್ಲಿ ಅದೂ ಒಂದು. ನಾಲಿಗೆಯ ತುದಿಯನ್ನು ಒಣಗಿದ ಶುಭ್ರ ಬಟ್ಟೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅಂಚುಗಳನ್ನು ನೋಡಿ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಕೆಳಗಿನ ತಳ ನೋಡಿ. ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಬೆರಳಾಡಿಸಿ ಗಂಟಿದೆಯೇ ನೋಡಿ.

ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಗಡ್ಡೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ತುಟಿ ಅಥವಾ ನಾಲಿಗೆ ಜೋಮು ಹಿಡಿದಂತಾಗುವುದು, ಇವುಗಳಲ್ಲಿ ಒಂದು ಕಂಡರೂ ತೋರಿಸಿಕೊಳ್ಳಿ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯದ್ದು, ಆದರೆ ಜನ ಅದನ್ನೇ ‘ಉಷ್ಣ’ ಎಂದು ಬಿಟ್ಟುಬಿಡುತ್ತಾರೆ. ಶುರುವಿನಲ್ಲಿ ನೋವಿರುವುದಿಲ್ಲ ಎಂಬುದೇ ಇಲ್ಲಿ ದೊಡ್ಡ ಮೋಸ.

ತಡವಾಗುವುದು ಸಾಮಾನ್ಯವಾಗಿ ಹೀಗೆ: ಹುಣ್ಣಿಗೆ ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್ ಕೊಡುತ್ತಾರೆ. ಜೆಲ್ ಉರಿ ತಗ್ಗಿಸುತ್ತದೆ, ಹುಣ್ಣು ಇದ್ದಲ್ಲೇ ಇರುತ್ತದೆ. ಇನ್ನೊಂದು ಟ್ಯೂಬ್, ಮತ್ತೊಂದು ಟ್ಯೂಬ್ ಎನ್ನುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಚೂಪಾದ ಹಲ್ಲು ತಾಗಿ ಹುಣ್ಣಾಗಿದ್ದರೆ ದಂತವೈದ್ಯರು ಆ ಅಂಚನ್ನು ನಯ ಮಾಡುತ್ತಾರೆ. ಎರಡು ವಾರದಲ್ಲಿ ಅದು ಮಾಯಬೇಕು. ಮಾಯದಿದ್ದರೆ ಬಯಾಪ್ಸಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೆಲವೇ ಮಿಲಿಮೀಟರ್ ಚೂರು ತೆಗೆಯುತ್ತಾರೆ, ಅಷ್ಟೆ. ‘ಕತ್ತಿ ತಾಗಿಸಿದರೆ ಹರಡುತ್ತದೆ’ ಎಂಬ ಭಯಕ್ಕೆ ಬಿದ್ದು ಇದನ್ನು ತಪ್ಪಿಸಿಕೊಂಡವರಿಗೆ ಆಗುವ ನಷ್ಟ ದೊಡ್ಡದು: ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದ ಕಾಯಿಲೆಗೆ ದವಡೆಯ ಮೂಳೆಯನ್ನೇ ತೆಗೆಯಬೇಕಾಗಬಹುದು.

ಹೀಗೆ ಬಾಯಿ ನೋಡುವುದರಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ ಎಂದು ಕೇಳುವವರಿಗೆ ಉತ್ತರ ಪಕ್ಕದ ಕೇರಳದಲ್ಲೇ ಇದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆಯಾಗಿತ್ತು. ಪರೀಕ್ಷೆಗೆ ಬೇಕಾದದ್ದು ಬೆಳಕು ಮತ್ತು ಪಳಗಿದ ಕಣ್ಣು.

ನಮ್ಮಲ್ಲೂ ವ್ಯವಸ್ಥೆ ಇದೆ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರು ಕ್ಯಾನ್ಸರ್‌ಗಳ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಎಂದಾದರೂ ಗರ್ಭಕೋಶದ ಕೊರಳಿನ ತಪಾಸಣೆ ಮಾಡಿಸಿಕೊಂಡವರು 1.9%, ಬಾಯಿಯದು 0.9%. ಆಶಾ ಕಾರ್ಯಕರ್ತೆ ಮನೆಗೆ ಬಂದು ನಮೂನೆ ತುಂಬಿಸಿಕೊಂಡು ಹೋದ ಮಾತ್ರಕ್ಕೆ ತಪಾಸಣೆ ಆದಂತಲ್ಲ. ಅದು ಯಾರಿಗೆ ಅಪಾಯ ಹೆಚ್ಚು ಎಂದು ಗುರುತಿಸುವ ಪ್ರಶ್ನಾವಳಿ ಮಾತ್ರ. ಅಲ್ಲಿ ಕವಳದ ಅಭ್ಯಾಸವನ್ನು ಮುಚ್ಚಿಡದೆ ಹೇಳಿ, ಆಮೇಲೆ ಕೇಂದ್ರಕ್ಕೆ ಹೋಗಿ ಬಾಯಿ ತೋರಿಸಿ.

ಮಹಿಳೆಯರು ಅದೇ ಭೇಟಿಯಲ್ಲಿ ಗರ್ಭಕೋಶದ ಕೊರಳಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬಹುದು. ಮುಟ್ಟಿನ ದಿನಗಳಲ್ಲಿ ಬೇಡ. ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ದೋಷವಿರುವ ಜಾಗ ಬೆಳ್ಳಗಾಗುತ್ತದೆ. ಉತ್ತರ ಆಗಲೇ ಸಿಗುತ್ತದೆ. ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗ ಒಳಕ್ಕೆ ಸರಿಯುವುದರಿಂದ ಈ ಪರೀಕ್ಷೆ ಅಷ್ಟು ನೆಚ್ಚುವಂಥದ್ದಲ್ಲ. ಅಂಥವರು ಎಚ್‌ಪಿವಿ, ಅಂದರೆ ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ಸಿನ ಪರೀಕ್ಷೆಯ ಬಗ್ಗೆ ಕೇಳುವುದು ಒಳ್ಳೆಯದು. 9ರಿಂದ 14ರ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಿಸಿ. ಲಸಿಕೆ ಹಾಕಿಸಿಕೊಂಡವರಿಗೂ 30ರ ನಂತರ ತಪಾಸಣೆ ಬೇಕು. ಸ್ತನ ಪರೀಕ್ಷೆಯನ್ನು ತರಬೇತಿ ಪಡೆದ ಕಾರ್ಯಕರ್ತೆ ಕೈಯಿಂದ ಮುಟ್ಟಿ ಮಾಡುತ್ತಾರೆ. ನಡುವೆ ಯಾವಾಗ ಗಂಟು ಕಂಡರೂ ಐದು ವರ್ಷ ಕಾಯಬೇಡಿ.

ಬಿಡಬೇಕೆನ್ನುವವರು ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ಮೊದಲ ಮೂರು ದಿನ ಅತಿ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ಚಡಪಡಿಕೆ ಇಳಿಯುತ್ತದೆ. ನಿಕೋಟಿನ್ ಗಮ್ ಬಳಸುವ ತಂಬಾಕಿನವರು ಅದನ್ನು ಕವಳದಂತೆ ಜಗಿದು ರಸ ನುಂಗಿ, ಬಿಕ್ಕಳಿಕೆ, ಹೊಟ್ಟೆಯುರಿ ಬಂತೆಂದು ಎಸೆಯುತ್ತಾರೆ. ನಿಧಾನವಾಗಿ ಕೆಲವು ಸಲ ಕಚ್ಚಿ, ಜುಮ್ಮೆಂದ ಕೂಡಲೇ ಕೆನ್ನೆಯಲ್ಲಿ ಒತ್ತಿಟ್ಟು, ಜುಮ್ಮು ಇಳಿದ ಮೇಲೆ ಮತ್ತೆ ಕಚ್ಚಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಟೀ ಕುಡಿಯಬಾರದು, ಕುಡಿದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ತಂಬಾಕಿಲ್ಲದೆ ಅಡಿಕೆ ಮಾತ್ರ ಹಾಕುವವರಿಗೆ ಈ ಗಮ್ ಬೇಡ. ಊಟವಾದ ಮೇಲೆ ಸೋಂಪು, ಲವಂಗ, ಏಲಕ್ಕಿ ಕೈಗೆ ಸಿಗುವಂತೆ ಇಟ್ಟುಕೊಂಡರೆ ಬಾಯಿ ಸುಮ್ಮನಿರುತ್ತದೆ. ಎಲೆತಟ್ಟೆಯನ್ನು ಜಗಲಿಯಿಂದ ಒಳಗೆ ಸೇರಿಸುವುದೂ ನೆರವಾಗುತ್ತದೆ. ಬಿಟ್ಟ ಕೆಲವರಲ್ಲಿ ಬಿಳಿ ಮಚ್ಚೆ ತಾನಾಗಿ ಮಾಯವಾಗುವುದುಂಟು. ಹಾಗೆಂದು ವೈದ್ಯರಿಗೆ ತೋರಿಸದೆ ಕಾಯುವುದು ಸಲ್ಲ.

ಆರೋಗ್ಯ ಇಲಾಖೆಯಲ್ಲಿ ಎರಡು ಬೇಡಿಕೆ. ಅಡಿಕೆ ಕೊಯ್ಲು, ಸುಲಿತದ ಕಾಲದಲ್ಲಿ ಕೂಲಿಯವರು ಹಗಲು ಬಿಟ್ಟು ಕೇಂದ್ರಕ್ಕೆ ಬರಲಾರರು. ಆಗ ಸುಲಿಯುವ ಚಪ್ಪರಗಳಲ್ಲಿ, ವರ್ಷವಿಡೀ ಸಂತೆಯ ದಿನಗಳಲ್ಲಿ ಬಾಯಿ ತಪಾಸಣೆ ನಡೆಸಿ. ಮಚ್ಚೆ ಕಂಡು ತಾಲ್ಲೂಕು ಆಸ್ಪತ್ರೆಗೆ ಕಳಿಸಿದವರು ಅಲ್ಲಿಗೆ ತಲುಪಿದರೇ ಎಂದು ಎರಡು ವಾರದೊಳಗೆ ಫೋನ್ ಮಾಡಿ ವಿಚಾರಿಸಲು ಒಬ್ಬರನ್ನು ನೇಮಿಸಿ. ನಿಮ್ಮ ಪತ್ರಿಕೆಗೊಂದು ಕೋರಿಕೆಯೂ ಇದೆ: ಬಿಳಿ ಮಚ್ಚೆ, ಕೆಂಪು ಮಚ್ಚೆ, ನಾರುಗಟ್ಟಿದ ಕೆನ್ನೆ, ಸಾಮಾನ್ಯ ಬಾಯಿಹುಣ್ಣು, ಈ ನಾಲ್ಕರ ಬಣ್ಣದ ಚಿತ್ರಗಳನ್ನು ಭಾನುವಾರದ ಪುರವಣಿಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿ. ಅಂಗಡಿ, ಹೇರ್‌ಕಟಿಂಗ್ ಸಲೂನ್, ಸೊಸೈಟಿಯ ಗೋಡೆಗೆ ಕತ್ತರಿಸಿ ಅಂಟಿಸಿಕೊಳ್ಳುವ ಅಳತೆಯಲ್ಲಿರಲಿ.

ಇತಿ,
ದಂತವೈದ್ಯೆ, ಶಿವಮೊಗ್ಗ ಜಿಲ್ಲೆ