ಕೋಣೆಯ ಗೆಳತಿಗೆ ಹೇಳು

ಬಸವನಗುಡಿ, ಬೆಂಗಳೂರು

ಚಿ. ನಂದಿನಿಗೆ ಅಪ್ಪನ ಆಶೀರ್ವಾದಗಳು.

ಧಾರವಾಡದಿಂದ ನಿನ್ನ ಸಂದೇಶ ಬಂತು. ಒಂದೇ ಪದ, ‘ತಲುಪಿದೆ’. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಗೊತ್ತಾಯಿತು. ರೈಲು ಹೊರಡುವ ಹೊತ್ತಿನಲ್ಲಿ ಅಷ್ಟು ಜನರೆದುರು ಆ ಮಾತು ತೆಗೆದೆ, ನಿನಗೆ ನೋವಾಯಿತು, ಕ್ಷಮಿಸು. ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ. ನಿನಗೆ ಟೈಪ್ 1 ಮಧುಮೇಹ ಇದೆಯೆಂದು ಹಾಸ್ಟೆಲಿನ ಕೋಣೆಯ ಹುಡುಗಿಗೆ ನೀನು ಹೇಳಲೇಬೇಕು. ‘ರೋಗಿಯಂತೆ ನೋಡುತ್ತಾರೆ, ನನ್ನ ಇನ್ಸುಲಿನ್ ನಾನೇ ನೋಡಿಕೊಳ್ಳುತ್ತೇನೆ’ ಎಂದೆ. ನೋಡಿಕೊಳ್ಳುತ್ತೀಯ, ಅನುಮಾನವೇ ಇಲ್ಲ. ಅನ್ನ ಎಷ್ಟು, ಯೂನಿಟ್ ಎಷ್ಟು ಎಂಬ ಲೆಕ್ಕ ನಿನ್ನಷ್ಟು ಚೆನ್ನಾಗಿ ನನಗೂ ಬಾರದು.

ನನ್ನನ್ನು ಬಿಡದೆ ಕಾಡುವುದು ಕಡಲೆಕಾಯಿ ಪರಿಷೆಯ ಆ ರಾತ್ರಿ. ಗೆಳತಿಯರ ಜೊತೆ ನೀನು ಸಂಜೆಯೆಲ್ಲ ಬುಲ್ ಟೆಂಪಲ್ ರಸ್ತೆಯಲ್ಲಿ ಸುತ್ತಿ, ನಗುನಗುತ್ತ ಬಂದು ಮಲಗಿದ್ದೆ. ಮಲಗುವಾಗ ಸಕ್ಕರೆ ಸರಿಯಾಗಿಯೇ ಇತ್ತು. ನಸುಕಿನಲ್ಲಿ ಹೊದಿಕೆ ಸರಿಪಡಿಸಲು ಹೋದ ಅಮ್ಮ ನನ್ನನ್ನು ಕೂಗಿದಳು. ದಿಂಬು ಒದ್ದೆ, ಹಣೆ ತಣ್ಣಗೆ. ಕಣ್ಣು ತೆರೆದಿತ್ತು, ಆದರೆ ನೀನು ನನ್ನನ್ನು ಗುರುತಿಸಲಿಲ್ಲ. ‘ಬಸ್ ಬಂತಾ’ ಎಂದು ಕೇಳಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 38ಕ್ಕೆ ಇಳಿದಿತ್ತು. ಸಕ್ಕರೆ ನೀರಿನ ಚಮಚ ನಿನ್ನ ಹಲ್ಲಿಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಅರ್ಧ ನುಂಗಿದೆ, ಅರ್ಧ ಕುತ್ತಿಗೆಗೆ ಇಳಿಯಿತು. ಮಾರನೆಯ ದಿನ ಆ ದಿಂಬಿನ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ನಿನಗೆ ಇದಾವುದೂ ನೆನಪಿಲ್ಲ, ಭಯವೂ ಇಲ್ಲ. ಅಮ್ಮ ಅಂದು ಏಳದೆ ಹೋಗಿದ್ದರೆ ಎಂಬಲ್ಲಿಗೆ ಬಂದು ನನ್ನ ಯೋಚನೆ ನಿಂತುಬಿಡುತ್ತದೆ. ಈಗಲೂ ರಾತ್ರಿ ಎಚ್ಚರವಾದರೆ ನಿನ್ನ ಕೋಣೆಯತ್ತ ಕಾಲು ಹೋಗುತ್ತದೆ.

‘ಪಾಠ ಬೇಡಪ್ಪ’ ಎನ್ನುತ್ತೀಯ. ಆದರೂ ಕೇಳು. ನಿನ್ನ ಇನ್ಸುಲಿನ್‌ನಂತೆ ಅಜ್ಜಿ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಮಾತ್ರೆಯೂ ಹಾರ್ಮೋನೇ. ಅದರಲ್ಲಿರುವ ಥೈರಾಕ್ಸಿನ್ ಜೀವಕೋಶದ ಒಳಹೊಕ್ಕು, ಕೋಶಕೇಂದ್ರದಲ್ಲಿರುವ ಜೀನ್‌ಗಳ ಮೂಲಕ ನಿಧಾನವಾಗಿ ಕೆಲಸ ಮಾಡಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅಜ್ಜಿ ಒಂದು ದಿನ ಮರೆತರೂ ಗೊತ್ತಾಗುವುದಿಲ್ಲ. ಇನ್ಸುಲಿನ್ ಹಾಗಲ್ಲ. ಅದು 51 ಅಮೈನೋ ಆಮ್ಲಗಳ ಪ್ರೋಟೀನ್. ನುಂಗಿದರೆ ಹೊಟ್ಟೆ ಬೇಳೆಯಂತೆ ಅರಗಿಸಿಬಿಡುತ್ತದೆ, ಹಾಗಾಗಿ ಸೂಜಿ. ಅದು ಕೋಶದ ಹೊರಪೊರೆಯ ಗ್ರಾಹಕವನ್ನು ಹಿಡಿದುಕೊಂಡೇ ಸ್ನಾಯುಗಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುತ್ತದೆ. ಸಕ್ಕರೆ ಇಳಿಯತೊಡಗಿದರೆ ನನ್ನ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಗ್ಗಿಸಿ ಗ್ಲೂಕಗಾನ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ; ಅದರಿಂದ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ನೀನು ಚುಚ್ಚಿಕೊಂಡ ಇನ್ಸುಲಿನನ್ನು ಯಾರೂ ಹಾಗೆ ತಗ್ಗಿಸಲಾರರು. ಟೈಪ್ 1 ಇರುವವರಲ್ಲಿ ವರ್ಷ ಕಳೆದಂತೆ ಗ್ಲೂಕಗಾನ್‌ನ ಆ ನೆರವೂ ಸೊರಗುತ್ತದೆ. ಆಮೇಲೆ ಉಳಿಯುವುದು ಅಡ್ರಿನಲಿನ್. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದರ ಎಚ್ಚರಿಕೆ. ನಿದ್ದೆಯಲ್ಲಿ ಅದು ಮಂಕಾಗುತ್ತದೆ. ಮತ್ತೆ ಮತ್ತೆ ಸಕ್ಕರೆ ಇಳಿಯುತ್ತಿದ್ದರೆ ಎಚ್ಚರವಿದ್ದಾಗಲೂ ಕೈಕೊಡುತ್ತದೆ. ನಿನ್ನ ಜಾಣತನ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಜಾಣತನಕ್ಕೇ ಸಕ್ಕರೆ ಇರುವುದಿಲ್ಲ, ಮಗಳೇ.

ಈಗ ಕಬಡ್ಡಿ ಬೇರೆ. ನೀನು ತಂಡಕ್ಕೆ ಆಯ್ಕೆಯಾದದ್ದನ್ನು ಗಾಂಧಿ ಬಜಾರಿನಲ್ಲಿ ಹೂವು ಮಾರುವವರಿಗೂ ಹೇಳಿ ಬಂದಿದ್ದೇನೆ. ಆಟ ಬಿಡು ಎನ್ನುವ ಅಪ್ಪ ನಾನಲ್ಲ. ಆದರೆ ದಣಿದ ಸ್ನಾಯು ಆಟ ಮುಗಿದ ಮೇಲೂ ಗಂಟೆಗಟ್ಟಲೆ ಸಕ್ಕರೆ ಎಳೆದುಕೊಳ್ಳುತ್ತಿರುತ್ತದೆ. ಪರಿಷೆಯ ಸುತ್ತಾಟ ನಸುಕಿನಲ್ಲಿ ನಿನ್ನನ್ನು ಹಿಡಿದದ್ದು ಹೀಗೆ. ಅಭ್ಯಾಸವಿದ್ದ ದಿನ ಮಲಗುವ ಮುನ್ನ ಪರೀಕ್ಷಿಸಿಕೊ. ಇನ್ಸುಲಿನನ್ನು ಫ್ರಿಜ್‌ನ ಫ್ರೀಜರ್ ಪಕ್ಕ ಇಡಬೇಡ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಅವಳಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ನೀನು ಅಸಂಬದ್ಧ ಮಾತಾಡಿದರೆ, ಮೈ ಬೆವರಿದ್ದರೆ, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು.

ಹೇಳಿದ ಮೇಲೆ ಅವಳ ನಂಬರ್ ಕಳುಹಿಸು. ಸುಮ್ಮಸುಮ್ಮನೆ ಫೋನ್ ಮಾಡಿ ಪೀಡಿಸುವುದಿಲ್ಲ. ಬೆಳಿಗ್ಗೆ ನೀನು ಎತ್ತದಿದ್ದರೆ ಮಾತ್ರ ಅವಳಿಗೆ ಮಾಡುತ್ತೇನೆ.

ನಿನ್ನ ಅಪ್ಪ